ಟಿಕೆಟ್ ಕೊಳ್ಳದ ಪ್ರೇಕ್ಷಕರಿಗಾಗಿ

ಪತ್ರಿಕೆಯಲ್ಲಿ ಚಿತ್ರವಿಮರ್ಶೆ ಓದುವವರಿಗೆ ಒಂದು ಲೆಕ್ಕಾಚಾರ ಇರುತ್ತದೆ. ಶಿವಮೊಗ್ಗಕ್ಕೋ ಭದ್ರಾವತಿಗೋ ಬಸ್ಸು ಹತ್ತಿ ಹೋಗಿ ಟಿಕೆಟ್ ಕೊಳ್ಳುವುದೋ ಬೇಡವೋ ಎಂಬ ಲೆಕ್ಕಾಚಾರ. ದೂರದರ್ಶನದ ಮುಂದೆ ಕೂತವರಿಗೆ ಆ ಚಿಂತೆಯಿಲ್ಲ. ಹೊಳೆಹೊನ್ನೂರಿನ ನಮ್ಮ ಬೀದಿಯಲ್ಲಿ ಅಡಿಕೆ ಸುಲಿಯುತ್ತಲೋ ಮಗುವಿಗೆ ಉಣಿಸುತ್ತಲೋ ಜನ ಸಿನಿಮಾ ನೋಡುತ್ತಿದ್ದರು. ಅಂಥವರ ಮುಂದೆ ನಾಲ್ಕು ನಕ್ಷತ್ರ, ಎರಡು ನಕ್ಷತ್ರ ಎಂದು ಅಂಕ ಕೊಟ್ಟು ಪ್ರಯೋಜನವಿಲ್ಲ. ದೂರದರ್ಶನದಲ್ಲಿ ಚಿತ್ರಕ್ಕೆ ಮುನ್ನ ಮೂರು ನಿಮಿಷ ಮಾತಾಡುವ ಕೆಲಸ ಸಿಕ್ಕಾಗ ನನಗೆ ಮೊದಲು ಹೊಳೆದದ್ದೇ ಇದು.

ಆ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಚಿತ್ರಗಳು ಇಂಗ್ಲಿಷ್ ಅಡಿಬರಹದೊಂದಿಗೆ ಬರುತ್ತಿದ್ದವು. ಅಜ್ಜಿಗೆ ಓದು ಬಾರದು, ಬಂಗಾಳಿಯಂತೂ ಗೊತ್ತೇ ಇಲ್ಲ. ಆದರೂ ಚಿತ್ರದಲ್ಲಿ ಸೊಸೆಯಾದವಳು ಯಾವ ಗಳಿಗೆಯಲ್ಲಿ ಮನೆ ಬಿಡಲು ತೀರ್ಮಾನಿಸಿದಳು ಎಂದು ಅಜ್ಜಿ ನನಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಮುಖ, ಬಾಗಿಲು, ಒಲೆ ಇವುಗಳನ್ನೇ ಅವರು ಓದುತ್ತಿದ್ದರು. ಹಳ್ಳಿಯವರಿಗೆ ಕಲಾತ್ಮಕ ಚಿತ್ರ ಅರ್ಥವಾಗದು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ಸಿಟ್ಟಿಗೆ ಆಧಾರ ನಮ್ಮ ಜಿಲ್ಲೆಯಲ್ಲೇ ಇದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅಲ್ಲಿಗೆ ಬಂದು ಪಾಠ ಮಾಡಿದರು. ನೀನಾಸಂನ ಕೆ.ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ಜನರಿಗೆ ತೋರಿಸಿ, ಅವರ ಜೊತೆ ಕೂತು ಚರ್ಚಿಸಿದರು. ನಾನು ಸಿನಿಮಾ ನೋಡಲು ಕಲಿತದ್ದು ಅಲ್ಲಿನ ರಸಗ್ರಹಣ ಶಿಬಿರದಲ್ಲಿ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ, ಕ್ಯಾಮೆರಾ ಎಲ್ಲಿ ನಿಂತಿದೆ, ಯಾಕೆ ಅಲ್ಲೇ ನಿಂತಿದೆ ಎಂದು ಕೇಳುತ್ತಿದ್ದರು.

ಸ್ಟುಡಿಯೋದಲ್ಲಿ ಕಲಿತದ್ದು ಬೇರೆಯೇ. ಕಿವಿಗೆ ಬರೆಯಬೇಕು, ಕಣ್ಣಿಗಲ್ಲ. ‘ಆಖ್ಯಾನ’, ‘ಸಂವೇದನೆ’ ಇಂಥ ಪದಗಳು ಬಾಯಿಗೆ ಬಂದೊಡನೆ ಜನ ಅಡುಗೆಮನೆಗೆ ಎದ್ದು ಹೋಗುತ್ತಾರೆ. ತುಣುಕು ಓಡುವಾಗ ತೆರೆಯ ಮೇಲೆ ಕಾಣುವುದನ್ನೇ ಬಾಯಲ್ಲಿ ಹೇಳಬಾರದು. ಸಮಯ ಕಡಿಮೆಯಾದರೆ ಎಡಿಟಿಂಗಿನಲ್ಲಿ ಕೊನೆಯ ವಾಕ್ಯಗಳೇ ಹೋಗುವುದರಿಂದ, ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡಬೇಕು. ‘ಘಟಶ್ರಾದ್ಧ’ದ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ಸ್ವರ್ಣಕಮಲ, ಇಬ್ಬರೂ ತೀರ್ಥಹಳ್ಳಿ ಸೀಮೆಯವರು. ನಾನು ಹೇಳಲು ಆರಿಸಿಕೊಂಡದ್ದು ಒಂದನ್ನೇ: ಯಮುನಕ್ಕನ ಕಥೆಯನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತೀರಿ, ಅವನಿಗೆ ಅರ್ಧ ಮಾತ್ರ ತಿಳಿಯುತ್ತದೆ, ಉಳಿದರ್ಧ ನಿಮಗೆ ಬಿಟ್ಟದ್ದು. ಆ ಚಿತ್ರ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಲ್ಲಿ ಮಾತಾಡಲು ಕರೆದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

‘ತಬರನ ಕಥೆ’ ಪ್ರಸಾರವಾದ ಮೇಲೆ ಊರಿಗೆ ಹೋಗಿದ್ದೆ. ತೇಜಸ್ವಿಯವರ ಕಥೆ, ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಪಿಂಚಣಿಗಾಗಿ ತಬರಶೆಟ್ಟಿ ಅಲೆಯುತ್ತಲೇ ಇರುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಹೆಚ್ಚುತ್ತಲೇ ಇರುತ್ತದೆ. ಪಕ್ಕದ ಮನೆಯ ಹಿರಿಯರು, ತಾವೂ ನಿವೃತ್ತಿಯ ಹಣಕ್ಕೆ ವರ್ಷಗಟ್ಟಲೆ ಅಲೆದವರು, ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದರು: “ಬಾಗಿಲು ಅದೇ ಕಣಪ್ಪ, ಮೇಜು ಅದೇ. ಹೋಗಿ ಬಂದು ಹೋಗಿ ಬಂದು ಅವನೊಬ್ನೇ ಸವೀತಾನೆ. ಅದನ್ನ ಎಷ್ಟ್ ಸಲ ತೋರ್ಸಿದಾರೆ ನೋಡಿದ್ಯಾ?” ಚಿತ್ರದ ಶಿಲ್ಪದ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವರ ಒಪ್ಪಿಗೆ ಪಡೆದು, ಮುಂದೆ ಆ ಚಿತ್ರದ ಬಗ್ಗೆ ಮಾತಾಡಿದಾಗಲೆಲ್ಲ ಆ ಮಾತನ್ನು ಬಳಸಿದೆ. ಊರಿಗೆ ಹೋದಾಗ ಜಗಲಿಗಳಲ್ಲಿ ಕೂತು ಕೇಳಿಸಿಕೊಳ್ಳುವುದೂ ಅಂದಿನಿಂದ ನನ್ನ ಕೆಲಸದ ಭಾಗವಾಯಿತು.

ಸಂಭಾವನೆ ಒಂದು ಕಾರ್ಯಕ್ರಮಕ್ಕೆ ಇಷ್ಟು ಎಂದು. ಅದರಲ್ಲಿ ಸಂಸಾರ ಸಾಗದು, ನನಗೆ ಅನ್ನ ಕೊಟ್ಟದ್ದು ಕಾಲೇಜಿನ ಪಾಠ. ಆದರೆ ನಿರ್ಮಾಪಕರ ಹಂಗು, ಜಾಹೀರಾತಿನ ಹಂಗು ಎರಡೂ ಇಲ್ಲದ ಮೂರು ನಿಮಿಷ ಬೇರೆಲ್ಲೂ ಸಿಗುತ್ತಿರಲಿಲ್ಲ.

ಈಚೆಗೆ ನಮ್ಮೂರಿನ ಹುಡುಗಿಯೊಬ್ಬಳು, ಪದವಿ ಓದುತ್ತಿರುವವಳು, ಈ ಕೆಲಸಕ್ಕೆ ಬರಬೇಕೆಂದು ಫೋನ್ ಮಾಡಿದಳು. ‘ಘಟಶ್ರಾದ್ಧ’ವನ್ನು ಒಮ್ಮೆ ಧ್ವನಿ ನಿಲ್ಲಿಸಿ ನೋಡು, ಆಮೇಲೆ ಒಂದು ಪುಟ ಬರೆದು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳು ಎಂದೆ. ಅಮ್ಮ ಕೆಲಸ ನಿಲ್ಲಿಸಿ ಏನಾದರೂ ಕೇಳಿದರೆ ಆ ಪ್ರಶ್ನೆಯನ್ನು ಬರೆದಿಟ್ಟುಕೊಂಡು ನನಗೂ ಕಳಿಸು ಎಂದಿದ್ದೇನೆ.