ಟಿ-ಟೆಸ್ಟ್‌ಗೆ ಮೊದಲು ಡೇಟಾದ ಆಕಾರ ನೋಡಿ

ನೇತ್ರಾವತಿ ದಡದ ಜೆಪ್ಪು ಹಂಚಿನ ನೆಲ. ಮಂಗಳೂರಿನ ಹಳೆ ಮನೆಯ ಮಾಡಿನಿಂದ ಹಂಚು ಇಳಿಸಿ ತಿರುಗಿಸಿದರೆ ಅಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂಬ ಇಸವಿ ಕಂಡೀತು. ನಿಮ್ಮ ಪ್ರಾಜೆಕ್ಟ್ ಹಂಚಿನದೇ ಎಂದಿಟ್ಟುಕೊಳ್ಳಿ. ಹಂಚು ಸುಡುವ ಎರಡು ಗೂಡು, ಒಂದೊಂದರಿಂದ 30 ಹಂಚು. ಎಷ್ಟು ಭಾರಕ್ಕೆ ಮುರಿಯಿತೆಂದು ಬರೆದಿಟ್ಟಿದ್ದೀರಿ. ಯಾವ ಗೂಡಿನದು ಗಟ್ಟಿ? ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್, ಡೇಟಾ ಸುಮಾರಾಗಿ ನಾರ್ಮಲ್, ಅಂದರೆ ಗಂಟೆಯಾಕಾರದಲ್ಲಿ, ಇದೆ ಎಂದುಕೊಂಡು ನಡೆಯುತ್ತದೆ. ಹಾಗಾಗಿ ಉತ್ತರಕ್ಕೆ ಹೀಗೆ ಹೊರಡಿ.

1. “ಸ್ಟ್ಯಾಟಿಸ್ಟಿಕ್ಸ್ ನನಗೆ ತಲೆಗೆ ಹತ್ತಲ್ಲ” ಅನ್ನುವುದನ್ನು ಇವತ್ತೇ ಬಿಡಿ. ಹಾಗನ್ನುವುದು ಬರೀ ಅಭ್ಯಾಸ. ಜಗತ್ತು ಮೆಚ್ಚಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಡೇಟಾ ನಾರ್ಮಲ್ ಹೌದೋ ಅಲ್ಲವೋ ಎಂದು ನೋಡುವ ಜಾರ್ಕ್-ಬೆರಾ ಟೆಸ್ಟ್ ನಿಂತಿರುವುದು ಅವರ 1948ರ ಸ್ಕೋರ್ ಟೆಸ್ಟ್ ತತ್ವದ ಮೇಲೆ.

2. ಮೊದಲು ಚಿತ್ರ ಬರೆಯಿರಿ. ಹಿಸ್ಟೋಗ್ರಾಮ್ ಜೊತೆ ಕ್ಯೂ-ಕ್ಯೂ ಪ್ಲಾಟ್ ಹಾಕಿ. ಚುಕ್ಕಿಗಳು ಗೆರೆಯ ಮೇಲೆ ಕೂತರೆ ಒಳ್ಳೆಯದು. ತುದಿಯಲ್ಲಿ ಬಾಗಿದರೆ ಕಾರಣ ಹುಡುಕಿ.

3. ಗುಂಪುಗಳನ್ನು ಬೆರೆಸಿ ನೋಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಗೂಡಿನ ಹಂಚು 90 ಕೆಜಿ ಆಸುಪಾಸಿನಲ್ಲಿ, ಇನ್ನೊಂದರದು 120ರ ಆಸುಪಾಸಿನಲ್ಲಿ ಮುರಿಯಿತೆನ್ನಿ. 60 ಅಂಕಿಗಳನ್ನೂ ಒಂದೇ ಕಾಲಮ್‌ಗೆ ಸುರಿದರೆ ಗ್ರಾಫ್‌ನಲ್ಲಿ ಎರಡು ಗುಡ್ಡ ಏಳುತ್ತವೆ. ಸಾಫ್ಟ್‌ವೇರ್ “ನಾರ್ಮಲ್ ಅಲ್ಲ” ಅನ್ನುತ್ತದೆ, ನೀವು ಹೆದರಿ ದಾರಿ ಬದಲಿಸುತ್ತೀರಿ. ಆದರೆ ಬಿಡಿಬಿಡಿಯಾಗಿ ನೋಡಿದರೆ ಎರಡೂ ಗುಂಪು ಸರಿಯಾಗಿಯೇ ಇರಬಹುದು. ಆ ಎರಡು ಗುಡ್ಡಗಳ ನಡುವಿನ ಅಂತರವೇ ನೀವು ಹುಡುಕುತ್ತಿದ್ದ ಉತ್ತರ! ಪ್ರತಿ ಗುಂಪನ್ನೂ ಬೇರೆಯಾಗಿ ಪರೀಕ್ಷಿಸಿ. ಹಂಚಿನ ಬದಲು ರೋಗಿಗಳ ಅಧ್ಯಯನವಾಗಿದ್ದು, ಅದೇ ರೋಗಿಗಳನ್ನು ಚಿಕಿತ್ಸೆಗೆ ಮುಂಚೆ, ಆಮೇಲೆ ಅಳೆದಿದ್ದರೆ ವ್ಯತ್ಯಾಸದ ಅಂಕಿಗಳನ್ನು ಪರೀಕ್ಷಿಸಿ.

4. ಪಿ-ವ್ಯಾಲ್ಯೂ ಒಂದನ್ನೇ ನಂಬಬೇಡಿ. ಡೇಟಾ ನಾರ್ಮಲ್ ಹೌದೋ ಎಂದು ನೋಡಲು 1965ರ ಶಪಿರೋ-ವಿಲ್ಕ್ ಟೆಸ್ಟ್ ಒಳ್ಳೆಯದು, ಬಳಸಿ. ಆದರೆ ಸ್ಯಾಂಪಲ್ ತೀರಾ ಚಿಕ್ಕದಾದರೆ ಅದು ದೊಡ್ಡ ದೋಷವನ್ನೂ ಕಾಣದು. ಸಾವಿರಾರು ಅಂಕಿ ಕೊಟ್ಟರೆ ಸಣ್ಣ ಕೊಂಕಿಗೂ ಕೂಗುತ್ತದೆ. ಚಿತ್ರವನ್ನೂ ಪಕ್ಕದಲ್ಲಿಟ್ಟುಕೊಂಡೇ ತೀರ್ಮಾನಿಸಿ.

5. ವಾಲಿದ ಡೇಟಾಗೆ ಬೇರೆ ದಾರಿ ಹಿಡಿಯಿರಿ. ಆಸ್ಪತ್ರೆಯಲ್ಲಿ 9 ರೋಗಿಗಳು 3 ದಿನಕ್ಕೆ ಮನೆಗೆ ಹೋದರು, ಒಬ್ಬರು 30 ದಿನ ಉಳಿದರು ಎನ್ನಿ. ಸರಾಸರಿ 5.7 ದಿನ, ಅಷ್ಟು ದಿನ ಇದ್ದವರು ಒಬ್ಬರೂ ಇಲ್ಲ. ಮೀಡಿಯನ್ 3. ಇಂಥ ಕಡೆ ಲಾಗ್ ತೆಗೆದು ನೋಡಿ, ಇಲ್ಲವೇ ಮ್ಯಾನ್-ವಿಟ್ನಿ ಟೆಸ್ಟ್ ಮಾಡಿ. ಆ ದೂರದ ಅಂಕಿಯನ್ನು ಮಾತ್ರ ಸುಮ್ಮನೆ ಅಳಿಸಬೇಡಿ. ಅದೂ ಒಬ್ಬ ರೋಗಿ.

6. ಹರವು ಬೇರೆಬೇರೆಯೇ? ವೆಲ್ಚ್ ಟಿ-ಟೆಸ್ಟ್ ಆರಿಸಿ. ಎರಡೂ ಗುಂಪಿನ ಹರವು ಒಂದೇ ಇರಬೇಕೆಂದು ಅದು ಕೇಳುವುದಿಲ್ಲ.

7. ಡೇಟಾದ ಆಕಾರ ಹೇಗಿದ್ದರೆ ಯಾವ ಟೆಸ್ಟ್, ಏಕೆ ಎಂದು ಡೇಟಾ ಸಂಗ್ರಹಕ್ಕೆ ಮೊದಲೇ ಬರೆದಿಡಿ. ಬೇಕಾದ ಉತ್ತರ ಬರುವವರೆಗೆ ಟೆಸ್ಟ್ ಬದಲಿಸುತ್ತಾ ಹೋಗುವುದು ಸಂಶೋಧನೆಯಲ್ಲ.

ಮುಂದಿನ ಸಲ ಗೈಡ್ ಎದುರು ಕೂರುವಾಗ ಪ್ರತಿ ಗುಂಪಿನ ಗ್ರಾಫ್ ಪ್ರಿಂಟ್ ಮಾಡಿಸಿ ಜೊತೆಗೆ ಒಯ್ಯಿರಿ. ಟಿ-ಟೆಸ್ಟ್ ಮಾತು ಆಮೇಲೆ ಎತ್ತಿ.