ಪೈಪ್ ಕಡೆಯಲು ಯಾವ ಚಕ್ ಕೊಳ್ಳಬೇಕು?



ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹಳ್ಳಿಗಳಲ್ಲಿ ಹರಾಜು ಮುಗಿದ ಮೇಲೆ ಮುಂಗಾರು ಹಿಡಿಯುವವರೆಗೆ, ಸಸಿಮಡಿಯ ಕೆಲಸವೊಂದನ್ನು ಬಿಟ್ಟರೆ, ಕೈಗೆ ಹೆಚ್ಚು ಕೆಲಸವಿರುವುದಿಲ್ಲ. ಈ ಬಿಡುವಿನಲ್ಲಿ ಒಂದು ಸಣ್ಣ ಕಡಚಲು ಯಂತ್ರವನ್ನಿಟ್ಟುಕೊಂಡು ಮರದ ಸಾಮಾನು ಮಾಡಿದರೆ ಹೇಗೆ ಎಂದು ಯುವಕರು ಕೇಳುವುದುಂಟು. ಹೊಗೆಸೊಪ್ಪು ಬೆಳೆಯುವ ಊರಾದುದರಿಂದ, ಹೊಗೆ ಸೇದುವ ಪೈಪನ್ನೇ ಏಕೆ ಮಾಡಬಾರದು ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಮಾಡಬಹುದು. ಆದರೆ ಈ ಕೆಲಸದಲ್ಲಿ ಹಣ ಪೋಲಾಗುವುದು ಯಂತ್ರದಲ್ಲಲ್ಲ, ಚಕ್ಕಿನಲ್ಲಿ. ಅಂಗಡಿಯವನು ಕೊಟ್ಟದ್ದನ್ನು ಕೊಂಡು ತಂದು, ಅದು ಯಂತ್ರಕ್ಕೆ ಕೂರದೆ, ಕೂತರೂ ಮರವನ್ನು ಹಿಡಿಯದೆ ಮೂಲೆಗೆ ಬೀಳುವುದುಂಟು. ಹಿಡಿತ ತಪ್ಪಿದ ಮರದ ತುಂಡು ಮುಖಕ್ಕೆ ಹಾರಿದರೆ ಆಗುವ ನಷ್ಟ ಹಣದ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಆದುದರಿಂದ ಕೊಳ್ಳುವ ಮೊದಲೇ ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದು.

ಚಕ್ ಎಂದರೆ ತಿರುಗುವ ಯಂತ್ರದ ಮೂತಿಗೆ ಸಿಕ್ಕಿಸಿ ಮರವನ್ನು ಕಚ್ಚಿ ಹಿಡಿಯುವ ಸಾಧನ. ಲಟ್ಟಣಿಗೆಯನ್ನೋ ಕಡಗೋಲಿನ ಕೋಲನ್ನೋ ಕಡೆಯಲು ಇದು ಬೇಕಾಗಿಯೇ ಇಲ್ಲ. ಎರಡು ಮೊನೆಗಳ ನಡುವೆ ಮರವನ್ನು ಸಿಕ್ಕಿಸಿ ಉಳಿ ಹಿಡಿದರೆ ಸಾಕು. ಮರದ ಒಂದು ತುದಿಯಿಂದ ಒಳಕ್ಕೆ ತೂತು ಕೊರೆಯಬೇಕಾದಾಗ ಮಾತ್ರ ಆ ತುದಿಯನ್ನು ಬಿಡುವು ಮಾಡಿಕೊಂಡು ಇನ್ನೊಂದು ಕಡೆಯಿಂದಲೇ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ಬಟ್ಟಲು, ಡಬ್ಬಿ, ಪೈಪ್ ಇವೆಲ್ಲ ಈ ಜಾತಿಗೆ ಸೇರಿದವು.

ಇವುಗಳಲ್ಲಿ ಪೈಪಿನ ತೊಂದರೆ ಬೇರೆ. ಡಬ್ಬಿಗೆ ಒಂದೇ ತೂತು, ಅದೂ ನಡುಮಧ್ಯದಲ್ಲಿ. ಪೈಪಿಗಾದರೋ ಎರಡು. ಸೊಪ್ಪು ತುಂಬುವ ಗುಂಡಿ ಮೇಲಿನಿಂದ ಇಳಿಯಬೇಕು. ಅದು ಸಾಮಾನ್ಯವಾಗಿ ಮುಕ್ಕಾಲು ಅಂಗುಲ ಅಗಲ, ಒಂದೂವರೆ ಅಂಗುಲ ಆಳವಿರುತ್ತದೆ. ಹೊಗೆ ಹೋಗುವ ದಾರಿ ಪಕ್ಕದಿಂದ ಬರಬೇಕು. ಅದರ ಅಗಲ ಸುಮಾರು 4 ಮಿಲಿಮೀಟರು ಮಾತ್ರ. ಈ ಎರಡೂ ಗುಂಡಿಯ ತಳದಲ್ಲಿ, ಸರಿಯಾಗಿ ನಡುವೆ ಕೂಡಬೇಕು. ದಾರಿ ಮೇಲಕ್ಕೆ ಬಿದ್ದರೆ ತಳದ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಒಂದು ಪಕ್ಕಕ್ಕೆ ಸರಿದರೆ ಗೋಡೆ ತೆಳುವಾಗಿ ಸುಡುತ್ತದೆ. ಗೋಡೆ ಯಾವ ಕಡೆಯೂ ಕಾಲು ಅಂಗುಲಕ್ಕಿಂತ ತೆಳುವಾಗದಿರುವುದು ಮೇಲು. ಹಾಗಾದರೆ ಒಂದೇ ಮರದ ತುಂಡನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ, ಎರಡು ಸಲವೂ ಕೂದಲೆಳೆಯಷ್ಟೂ ತಪ್ಪದಂತೆ ಹಿಡಿಯಬೇಕಾಯಿತು. ಜೊತೆಗೆ ಆ ತುಂಡು ದುಂಡಗಿಲ್ಲ, ಇಟ್ಟಿಗೆಯಂತೆ ಚೌಕಟ್ಟಾಗಿದೆ. ಗುಂಡಿ ಬೀಳಬೇಕಾದುದು ತುಂಡಿನ ಒಂದು ಕೊನೆಯಲ್ಲಿ. ಚಕ್ ಆರಿಸುವಾಗ ಈ ಚಿತ್ರವನ್ನು ಕಣ್ಣಮುಂದಿಟ್ಟುಕೊಳ್ಳಿ.

ಕಬ್ಬಿಣದ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಚಕ್ ಎಂದು ಕೇಳಿದೊಡನೆ ಮುಂದಿಡುವುದು ಮೂರು ದವಡೆಯ ಚಕ್ಕನ್ನು. ಕಾರ್ಖಾನೆಯವರು ದವಡೆಗೆ 'ಜಾ' ಎನ್ನುತ್ತಾರೆ. ಒಂದು ಕೀಲಿ ತಿರುಗಿಸಿದರೆ ಮೂರೂ ದವಡೆಗಳು ಒಟ್ಟಿಗೆ ನಡುವಿನತ್ತ ಸರಿಯುತ್ತವೆ. ದುಂಡನೆಯ ಕಬ್ಬಿಣದ ಸಲಾಕಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚೌಕದ ಮರವನ್ನು ಮೂರು ದವಡೆಗೆ ಕೊಟ್ಟು ನೋಡಿ: ಒಂದು ದವಡೆ ಮುಖಕ್ಕೆ ತಾಗಿದರೆ ಉಳಿದ ಎರಡು ಮೂಲೆಯಲ್ಲೋ ಓರೆಯಾಗಿಯೋ ತಾಗಿ, ಯಂತ್ರ ತಿರುಗಿದೊಡನೆ ಮರ ಜಾರುತ್ತದೆ. ಇಂಥ ಚಕ್ಕಿನ ಕಿರಿದಾದ ಉಕ್ಕಿನ ಮುಖ ಮೆದುಮರದೊಳಕ್ಕೆ ಇಳಿದು ಗುರುತನ್ನೂ ಬಿಡುತ್ತದೆ. ಪೈಪಿಗೆಂದು ಇದನ್ನು ಕೊಳ್ಳಬೇಡಿ.

ನಾಲ್ಕು ದವಡೆಗಳು ಬೇರೆಬೇರೆಯಾಗಿ ಸರಿಯುವ ಚಕ್ ಇನ್ನೊಂದು ಬಗೆಯದು. ಪ್ರತಿ ದವಡೆಗೂ ಅದರದೇ ತಿರುಪು. ಚೌಕ, ಸೊಟ್ಟ, ಗಂಟು, ಯಾವ ಆಕಾರವನ್ನಾದರೂ ಹಿಡಿಯುತ್ತದೆ. ತೂತನ್ನು ನಡುವಿನಿಂದ ಬೇಕಾದಷ್ಟು ಪಕ್ಕಕ್ಕೆ ತರಬಹುದು. ಪೈಪಿನ ಎರಡು ತೂತೂ ಇದರಲ್ಲಿ ಸಾಧ್ಯ. ಆದರೆ ಪ್ರತಿ ಸಲ ನಾಲ್ಕು ತಿರುಪನ್ನು ಒಂದೊಂದಾಗಿ ಸಡಿಲಿಸಿ, ಬಿಗಿಸಿ, ಮೊನೆಗೆ ಹಿಡಿದು ನೋಡಿ, ಮತ್ತೆ ತಿದ್ದಬೇಕು. ಹೊಸಬನಿಗೆ ಒಂದು ತುಂಡು ಕೂರಿಸುವಷ್ಟರಲ್ಲಿ ಬೆಳಗಿನ ಹೊತ್ತು ಕಳೆದುಹೋಗುತ್ತದೆ. ಭಾರವೂ ಹೆಚ್ಚು. ಸಣ್ಣ ಯಂತ್ರದ ಬೇರಿಂಗಿಗೆ ಅದು ಒಳ್ಳೆಯದಲ್ಲ. ಹೊರಕ್ಕೆ ಚಾಚಿದ ದವಡೆಗಳು ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಾಗುತ್ತವೆ.

ಮೂರನೆಯದು, ಮರದ ಕೆಲಸಕ್ಕೆಂದೇ ಮಾಡಿದ ನಾಲ್ಕು ದವಡೆಯ ಚಕ್. ಇದರಲ್ಲಿ ನಾಲ್ಕೂ ಒಟ್ಟಿಗೆ ಸರಿಯುತ್ತವೆ. ದವಡೆಗಳನ್ನು ತಿರುಪು ಬಿಚ್ಚಿ ತೆಗೆದು ಬೇರೆ ಅಳತೆಯವನ್ನು ಹಾಕಿಕೊಳ್ಳಬಹುದು. ಗುಟ್ಟಿರುವುದು ಇಲ್ಲಿಯೇ. ಎದುರುಬದುರಿನ ಎರಡು ದವಡೆಗಳನ್ನು ತೆಗೆದುಬಿಟ್ಟು, ಉಳಿದೆರಡು ಜಾಗದಲ್ಲಿ ಅಗಲವಾದ, ಉದ್ದವಾದ ದವಡೆಗಳನ್ನು ಕೂರಿಸಿದರೆ ಅದು ಎರಡು ದವಡೆಯ ಚಕ್ ಆಗುತ್ತದೆ. ಪೈಪ್ ಮಾಡುವ ಕಸುಬಿನವರು ಬಳಸುವುದು ಹೆಚ್ಚಾಗಿ ಇದನ್ನೇ. ಮರದ ತುಂಡಿನ ಎರಡು ಪಕ್ಕಗಳನ್ನು ಈ ಎರಡು ದವಡೆ ಹಿಡಿದಾಗ, ದಪ್ಪದ ಲೆಕ್ಕದಲ್ಲಿ ಮರ ತಾನಾಗಿಯೇ ನಡುವಿಗೆ ಬರುತ್ತದೆ. ಉದ್ದದ ಲೆಕ್ಕದಲ್ಲಿ ನೀವು ಬೇಕಾದ ಕಡೆಗೆ ಸರಿಸಬಹುದು, ಬೇಕಾದ ಕೋನಕ್ಕೆ ತಿರುಗಿಸಬಹುದು. ಗುಂಡಿ ಮತ್ತು ಹೊಗೆದಾರಿ ಎರಡೂ ತುಂಡಿನ ದಪ್ಪದ ನಡುಗೆರೆಯಲ್ಲೇ ಇರುವುದರಿಂದ, ಅರ್ಧ ಕೆಲಸವನ್ನು ಚಕ್ಕೇ ಮಾಡಿಕೊಟ್ಟಂತಾಯಿತು.

ಮರದ ಪಕ್ಕಗಳು ಒಂದಕ್ಕೊಂದು ಸಮನಾಗಿರುವಂತೆ ಮೊದಲು ಹತ್ತರಿ ಹೊಡೆದುಕೊಳ್ಳಿ. ಒಂದು ಪಕ್ಕದ ಮೇಲೆ ಪೆನ್ಸಿಲಿನಿಂದ ಎರಡು ತೂತುಗಳ ಗೆರೆಯನ್ನೂ ಆಳವನ್ನೂ ಪೂರಾ ಬರೆದು, ಗೆರೆಗಳನ್ನು ಅಂಚಿನ ಮೇಲಕ್ಕೂ ಎಳೆದು, ತೂತು ಬೀಳುವ ಜಾಗದಲ್ಲಿ ಮೊಳೆಯಿಂದ ಗುರುತು ಕುಕ್ಕಿ. ತುಂಡನ್ನು ದವಡೆಗೆ ಕೊಟ್ಟು, ಎದುರು ತಲೆಯ ಮೊನೆಯನ್ನು ಆ ಗುರುತಿಗೆ ತಂದು ನಿಲ್ಲಿಸಿ, ಆಮೇಲೆ ಬಿಗಿ ಮಾಡಿ. ಉಕ್ಕಿನ ದವಡೆಗೂ ಮರಕ್ಕೂ ನಡುವೆ ಚರ್ಮದ ತುಂಡನ್ನಿಟ್ಟರೆ ಗುರುತೂ ಬೀಳದು, ಹಿಡಿತವೂ ಬಲವಾಗುತ್ತದೆ. ತೂತು ಕೊರೆಯಲು ಎದುರು ತಲೆಗೆ ಹಾಕುವ ಡ್ರಿಲ್ ಚಕ್ ಬೇರೆ ಬೇಕು. ಅದನ್ನು ಮರೆತು ಪೇಟೆಯಿಂದ ಹಿಂದಿರುಗಬೇಡಿ. ಇಲ್ಲಿ ಬೈರಿಗೆ ತಿರುಗುವುದಿಲ್ಲ, ಮರವೇ ತಿರುಗುವುದು. ಮರ ನಡುವಿನಿಂದ ಸರಿದು ಕೂತಿರುವುದರಿಂದ ತೂಕ ಒಂದೇ ಕಡೆಗಿರುತ್ತದೆ. ಆದುದರಿಂದ ನಿಮಿಷಕ್ಕೆ 400ರಿಂದ 600 ಸುತ್ತಿನಲ್ಲಿ ಪ್ರಾರಂಭಿಸಿ. ಯಂತ್ರ ನಡುಗಿದರೆ ಇನ್ನೂ ಇಳಿಸಿ.

ಎಂಥ ಮರ ಎಂಬುದನ್ನೂ ಹೇಳಬೇಕು. ಹೊರದೇಶದಲ್ಲಿ ಪೈಪಿಗೆ ಹೆಸರಾದುದು ಬ್ರಯರ್ ಎಂಬುದು. ಮೆಡಿಟರೇನಿಯನ್ ಕಡಲ ಸುತ್ತಲ ಬೆಟ್ಟಗಳಲ್ಲಿ ಬೆಳೆಯುವ ಒಂದು ಪೊದೆಯ ಬುಡದ ಗಂಟು ಅದು. ಅದನ್ನು ಗಂಟೆಗಟ್ಟಲೆ ನೀರಿನಲ್ಲಿ ಬೇಯಿಸಿ, ತಿಂಗಳುಗಟ್ಟಲೆ ಒಣಗಿಸಿ ಬಳಸುತ್ತಾರೆ. ಬೆಂಕಿಗೆ ಬೇಗ ಕರಿಯಾಗದಿರುವುದೇ ಅದರ ಗುಣ. ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಊರು ಈ ಕಸುಬಿನಿಂದಲೇ ಹೆಸರಾಯಿತು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮುಸುಕಿನ ಜೋಳದ ದಿಂಡಿನಿಂದಲೇ ಪೈಪ್ ಮಾಡುತ್ತ ಬಂದಿದ್ದಾರೆ. ನಾವು ಒಲೆಗೆ ಹಾಕುವ ವಸ್ತು! ಆದರೆ ಅದಕ್ಕೆಂದೇ ದಪ್ಪ ದಿಂಡಿನ ತಳಿ ಬೆಳೆಸಿ ಬಹುಕಾಲ ಒಣಗಿಸುತ್ತಾರೆ. ನಮ್ಮ ಸಾಧಾರಣ ದಿಂಡು ದವಡೆಯಲ್ಲೇ ಪುಡಿಯಾದೀತು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ ಕಡೆಯಲು ಬೆಣ್ಣೆಯಂತಿದ್ದರೂ ಬೆಂಕಿಯ ಬಾಯಿಗೆ ಮೆದು. ಅದರ ಮೇಲಿನ ಅರಗಿನ ಬಣ್ಣವೂ ಬಿಸಿಗೆ ಕರಗುವಂಥದು. ಅರಗು ಹಚ್ಚುವುದೇ ತಿರುಗುವ ಮರದ ತಿಕ್ಕಾಟದ ಬಿಸಿಯಿಂದಲ್ಲವೆ?

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಡೆ ಬೆಳೆಯುವ ಸೊಪ್ಪು ಸಿಗರೇಟಿನದು. ಪೈಪ್ ಸೇದುವವರು ನಮ್ಮಲ್ಲಿ ಬೆರಳೆಣಿಕೆಯ ಮಂದಿ. ಪೈಪಿನಿಂದಲೂ ಬಾಯಿಯ ಕ್ಯಾನ್ಸರು ಬರುತ್ತದೆ, ಆದುದರಿಂದ ಆ ಮಂದಿ ಹೆಚ್ಚಲಿ ಎಂದು ನಾನು ಬಯಸುವವನೂ ಅಲ್ಲ. ಪೈಪೊಂದನ್ನೇ ನಂಬಿ ಸಾಲ ಮಾಡಬೇಡಿ. ಆದರೆ ಮೇಲೆ ಹೇಳಿದ ಮೂರನೆಯ ಚಕ್ಕನ್ನು ಕೊಂಡರೆ ಅದೇ ನಾಲ್ಕು ದವಡೆಯಿಂದ ಬುಗುರಿ, ಕುಂಕುಮದ ಭರಣಿ, ಕುಡುಗೋಲಿನ ಹಿಡಿ, ಅರದ ಹಿಡಿ ಎಲ್ಲವನ್ನೂ ಮಾಡಬಹುದು. ಇವಕ್ಕೆ ಸಂತೆಯಲ್ಲೇ ಗಿರಾಕಿಯುಂಟು. ಪೈಪಿಗೆ ಕೇಳುವವರು ಬಂದಾಗ ಎರಡು ದವಡೆಗಳನ್ನಷ್ಟೇ ಹೊಸದಾಗಿ ಹಾಕಿಸಿಕೊಂಡರಾಯಿತು. ಬೇರೆ ಚಕ್ಕುಗಳಿಗಿಲ್ಲದ ಈ ಅನುಕೂಲಕ್ಕಾಗಿಯೇ ನಾನು ಇದನ್ನು ಮೊದಲಿಗೆ ಹೇಳುವುದು.

ಕೊಳ್ಳಲು ಹೊರಡುವ ಮೊದಲು ನಿಮ್ಮ ಯಂತ್ರದ ಮೂತಿಯ ತಿರುಪನ್ನು ಅಳೆಯಿರಿ. ಕೆಲವು ಯಂತ್ರಗಳಲ್ಲಿ ಅದು ಒಂದು ಅಂಗುಲ ದಪ್ಪ, ಅಂಗುಲಕ್ಕೆ 8 ಸುತ್ತು. ಕೆಲವುಗಳಲ್ಲಿ 33 ಮಿಲಿಮೀಟರು ದಪ್ಪ, ಮೂರೂವರೆ ಮಿಲಿಮೀಟರಿಗೊಂದು ಸುತ್ತು. ಸಣ್ಣವುಗಳಲ್ಲಿ ಮುಕ್ಕಾಲು ಅಂಗುಲ, ಅಂಗುಲಕ್ಕೆ 16 ಸುತ್ತು. ಒಂದರದು ಇನ್ನೊಂದಕ್ಕೆ ಕೂರದು. ತಿರುಪಿನ ಮೇಲೆ ಕಾಗದ ಸುತ್ತಿ ಪೆನ್ಸಿಲಿನಿಂದ ಉಜ್ಜಿದರೆ ಸುತ್ತುಗಳ ಅಚ್ಚು ಬೀಳುತ್ತದೆ. ಆ ಕಾಗದವನ್ನೂ ದಪ್ಪದ ಅಳತೆಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ನಡುವೆ ಇನ್ನೊಂದು ಬಳೆ ಹಾಕಿ ಕೂರಿಸಿಕೊಡುತ್ತೇನೆಂದು ಅಂಗಡಿಯವನು ಹೇಳಬಹುದು. ಬಳೆ ಹಾಕಿದಷ್ಟೂ ಚಕ್ ಮುಂದಕ್ಕೆ ಚಾಚಿ, ನಡುಕ ಹೆಚ್ಚುತ್ತದೆ. ನೇರವಾಗಿ ಕೂರುವುದನ್ನೇ ಕೇಳಿ ತೆಗೆದುಕೊಳ್ಳಿ.

ಕೆಲಸ ಮಾಡುವಾಗ ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಬಾರದು, ಅದು ಕವಣೆಯ ಕಲ್ಲಿನಂತೆ ಹಾರುತ್ತದೆ. ಹೆಗಲ ಮೇಲೆ ಟವಲು, ಇಳಿಬಿಟ್ಟ ಪಂಚೆ, ಕೈಚೀಲ ಯಾವುದೂ ಕೂಡದು. ಹೆಣ್ಣುಮಕ್ಕಳು ಮಾಡುವುದಾದರೆ ಜಡೆಯನ್ನು ಕಟ್ಟಿ, ಸೆರಗನ್ನು ಸಿಕ್ಕಿಸಿಕೊಳ್ಳಬೇಕು. ಮುಖಕ್ಕೆ ಗಾಜಿನಂಥ ಮರೆ ಇರಲಿ, ಮೂಗಿಗೆ ಬಟ್ಟೆ ಇರಲಿ. ನಮ್ಮ ಹಳ್ಳಿಗಳಿಗೆ ಇನ್ನೊಂದು ಮಾತು ವಿಶೇಷವಾಗಿ ಸಲ್ಲುತ್ತದೆ. ಕರೆಂಟು ಹೋಯಿತೆಂದು ಹಾಗೆಯೇ ಕೈ ಹಾಕಿ ಮರ ಬಿಚ್ಚಬೇಡಿ. ಮೊದಲು ಸ್ವಿಚ್ ಆರಿಸಿ. ಹೋದ ಕರೆಂಟು ಯಾವ ಗಳಿಗೆಯಲ್ಲಿ ಬರುವುದೋ ಯಾರೂ ಹೇಳಲಾರರು.

ಅಂಗಡಿಯಲ್ಲಿ ಚಕ್ ಕೈಗೆ ಬಂದಾಗ ದವಡೆಗಳನ್ನು ಪೂರ್ತಿ ಮುಚ್ಚಿಸಿ ನೋಡಿ, ಎಲ್ಲವೂ ಒಂದೇ ಸಲಕ್ಕೆ ನಡುವಿಗೆ ಬಂದು ಕೂಡಬೇಕು. ಕೀಲಿ ತಿರುಗಿಸುವಾಗ ಮರಳು ಸಿಕ್ಕಿದಂತೆ ಕಿರುಗುಟ್ಟಬಾರದು. ಬಿಡಿ ದವಡೆಗಳು ಅದೇ ಚಕ್ಕಿಗೆ ಮುಂದೆಯೂ ಸಿಕ್ಕುವುವೇ ಎಂದು ಕೇಳಿ, ಅವುಗಳ ತಿರುಪಿನ ಅಳತೆಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.