ಬೆಳಕಿನ ಖಡ್ಗ: ಸಿನಿಮಾದ್ದು ಮತ್ತು ನಮ್ಮೂರಿನದು



ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಕತ್ತಿಯನ್ನು ನೀವೆಲ್ಲ ನೋಡಿದ್ದೀರಿ. ಗುಂಡಿ ಒತ್ತಿದರೆ ಹಸಿರು, ಕೆಂಪು ಬೆಳಕು. ಜೊತೆಗೆ 'ಝೂಂ' ಅಂತ ಸದ್ದು. ಇದರ ಮೂಲ 1977ರಲ್ಲಿ ತೆರೆಕಂಡ ಅಮೆರಿಕದ 'ಸ್ಟಾರ್ ವಾರ್ಸ್' ಚಿತ್ರ. ಅದರಲ್ಲಿ ಯೋಧನ ಕೈಯಲ್ಲಿ ಬರೀ ಒಂದು ಹಿಡಿಕೆ ಇರುತ್ತದೆ. ಗುಂಡಿ ಒತ್ತಿದೊಡನೆ ಸುಮಾರು ಒಂದು ಮೀಟರ್ ಉದ್ದದ ಬೆಳಕಿನ ಅಲಗು ಹೊರಬರುತ್ತದೆ. ಇದಕ್ಕೆ ಲೈಟ್‌ಸೇಬರ್ ಎಂದು ಹೆಸರು. ಈ ಸರಣಿಯ ಚಿತ್ರಗಳಲ್ಲಿ ಅದು ಲೋಹದ ಬಾಗಿಲನ್ನೂ ಕೊರೆಯುತ್ತದೆ.

"ಸರ್, ಅಂಥಾದ್ದು ಖರೇನ ಮಾಡಾಕ ಬರತೈತೇನ್ರಿ?" ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬನ್ನಿ, ನಮ್ಮ ಊರುಗಳಲ್ಲೇ ಉತ್ತರ ಹುಡುಕೋಣ.

1. ಬೆಳಕು ಅರ್ಧ ದಾರಿಯಲ್ಲಿ ನಿಲ್ಲುವುದಿಲ್ಲ

ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಯ ಕಿರಣೋತ್ಸವ ನಿಮಗೆ ಗೊತ್ತು. ಜನವರಿ ಕೊನೆಗೆ ಮತ್ತು ನವೆಂಬರಿನಲ್ಲಿ, ಮುಳುಗುವ ಸೂರ್ಯನ ಕಿರಣಗಳು ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದು ಮೂರ್ತಿಯನ್ನು ಮುಟ್ಟುತ್ತವೆ. ಆ ಬೆಳಕು ಸುಮಾರು 15 ಕೋಟಿ ಕಿಲೋಮೀಟರ್ ದೂರದಿಂದ ಬಂದದ್ದು. ದಾರಿಯಲ್ಲಿ ಎಲ್ಲಿಯೂ "ಸಾಕು" ಎಂದು ನಿಲ್ಲಲಿಲ್ಲ. ಅಡ್ಡ ಒಂದು ವಸ್ತು ಸಿಕ್ಕಾಗಲೇ ನಿಂತಿತು. ಮೋಡ ಅಡ್ಡ ಬಂದ ದಿನ ಕಿರಣ ಒಳಗೆ ತಲುಪುವುದೇ ಇಲ್ಲ.

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದನ್ನು ಗಾಳಿಯಲ್ಲಿ ಒಂದು ಮೀಟರಿಗೆ ತಡೆದು ಅಲಗು ಮಾಡಲು ಬರುವುದಿಲ್ಲ.

ಇನ್ನೊಂದು ಅಡಚಣೆಯೂ ಇದೆ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಮಧ್ಯಾಹ್ನ ನಿಂತು ನೋಡಿ. ಮೇಲಿನ ತಗಡಿನ ತೂತಿನಿಂದ ಬಿಸಿಲಿನ ಕೋಲು ಇಳಿದಂತೆ ಕಾಣುತ್ತದೆ. ವಾಸ್ತವವಾಗಿ ನಮಗೆ ಕಾಣುವುದು ಗಾಳಿಯಲ್ಲಿ ತೇಲುವ ಹತ್ತಿಯ ಎಳೆ, ಧೂಳು. ಅವು ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ. ಗಾಳಿ ಪೂರ್ತಿ ಸ್ವಚ್ಛವಿದ್ದರೆ ಆ ಕೋಲು ಪಕ್ಕದಿಂದ ಕಾಣುವುದೇ ಇಲ್ಲ. ಇಂಥ ಎರಡು ಕೋಲುಗಳು ಅಡ್ಡಡ್ಡ ಬಂದರೂ ಕತ್ತಿಯ ಹಾಗೆ 'ಠಣ್' ಎಂದು ಬಡಿಯುವುದಿಲ್ಲ. ಒಂದರೊಳಗಿಂದ ಇನ್ನೊಂದು ಹಾದು ಹೋಗುತ್ತದೆ.

ಹಾಗಾದರೆ ಸಿನಿಮಾದಲ್ಲಿ? ಮೊದಲ ಚಿತ್ರದಲ್ಲಿ ನಾಯಕನ ಹಿಡಿಕೆಯನ್ನು ಹಳೆಯ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆಯಿಂದ ಮಾಡಿದರು. ನಟರು ಕೋಲು ಹಿಡಿದು ಕಾದಾಡಿದರು. ಆಮೇಲೆ ಫಿಲ್ಮಿನ ಒಂದೊಂದು ಚಿತ್ರಕ್ಕೂ ಹೊಳಪನ್ನು ಸೇರಿಸಲಾಯಿತು. ಆ ಸದ್ದನ್ನು ಬೆನ್ ಬರ್ಟ್ ಎಂಬ ತಂತ್ರಜ್ಞ ಪ್ರೊಜೆಕ್ಟರ್ ಮೋಟಾರಿನ ಗುಂಯ್‌ಗುಡುವಿಕೆ ಮತ್ತು ಟಿವಿಯ ಗುನುಗು ಕೂಡಿಸಿ ತಯಾರಿಸಿದರು.

2. ಲೋಹ ಕೊರೆಯುವ ನಿಜವಾದ 'ಖಡ್ಗ'

ಬೆಳಕಿನಿಂದ ಆಗದಿದ್ದರೆ ಪ್ಲಾಸ್ಮಾದಿಂದ ಆದೀತೇ? ಅನಿಲವನ್ನು ಬಹಳ ಕಾಯಿಸಿದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬಿಡಿಯಾಗುತ್ತವೆ. ಈ ಸ್ಥಿತಿಯೇ ಪ್ಲಾಸ್ಮಾ. ಮಿಂಚು ಪ್ಲಾಸ್ಮಾ. ಗಡಹಿಂಗ್ಲಜ್ ರಸ್ತೆಬದಿಯ ಅಂಗಡಿಯಲ್ಲಿ ಕಬ್ಬಿನ ಟ್ರಾಲಿ ವೆಲ್ಡಿಂಗ್ ಮಾಡುವಾಗ ಚುಚ್ಚುವಂತೆ ಹೊಳೆಯುವ ಆರ್ಕ್ ಸಹ ಪ್ಲಾಸ್ಮಾ. ದೊಡ್ಡ ವರ್ಕ್‌ಶಾಪುಗಳಲ್ಲಿ 'ಪ್ಲಾಸ್ಮಾ ಕಟಿಂಗ್' ಯಂತ್ರ ಇರುತ್ತದೆ. ಅದರ ಕಿರಿದಾದ ಮೂತಿಯಿಂದ ಬರುವ ಪ್ಲಾಸ್ಮಾದ ಉಷ್ಣತೆ 20,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಬಲ್ಲದು. ಕಬ್ಬಿಣ ಕರಗುವುದು 1,538 ಡಿಗ್ರಿಗೆ. ಹೀಗಾಗಿ ತಗಡು ಬೆಣ್ಣೆಯಂತೆ ಸೀಳುತ್ತದೆ.

ಆದರೆ ಈ ಪ್ಲಾಸ್ಮಾದ ಉದ್ದ ಮೀಟರ್ ಅಲ್ಲ, ಸಣ್ಣ ಬೆರಳಿನಷ್ಟೂ ಇಲ್ಲ. ಮೂತಿ ಬಿಟ್ಟ ಕೂಡಲೇ ಅದು ಗಾಳಿಯಲ್ಲಿ ಹರಡಿ ತಣ್ಣಗಾಗುತ್ತದೆ. ಅದನ್ನು ಕಾಂತಕ್ಷೇತ್ರದಿಂದ ಹಿಡಿದಿಡಬಹುದು. ಗುಜರಾತಿನ ಗಾಂಧಿನಗರದ ಹತ್ತಿರ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ 'ಆದಿತ್ಯ' ಎಂಬ ಯಂತ್ರ ಮಾಡುವುದು ಇದನ್ನೇ. ಆದರೆ ಅದು ಕೈಯಲ್ಲಿ ಹಿಡಿಯುವ ಯಂತ್ರವಲ್ಲ, ಒಂದು ದೊಡ್ಡ ಕೋಣೆಯನ್ನೇ ಬೇಡುವಂಥದ್ದು.

ಶಕ್ತಿಯ ಲೆಕ್ಕವನ್ನೂ ಹಾಕೋಣ. 1 ಕಿಲೋ ಕಬ್ಬಿಣವನ್ನು ಕರಗಿಸಲು ಸುಮಾರು 12 ಲಕ್ಷ ಜೂಲ್ ಬೇಕು. ಇಂದಿನ ಮೊಬೈಲಿನ ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ ಇರುವುದು ಹೆಚ್ಚುಕಡಿಮೆ 70 ಸಾವಿರ ಜೂಲ್. ಅಂದರೆ ಒಂದು ಕಿಲೋ ಕರಗಿಸಲು 17 ಬ್ಯಾಟರಿ! ದಪ್ಪ ಬಾಗಿಲು ಕೊರೆಯುವುದಾದರೆ ಯೋಧ ಬೆನ್ನಿಗೆ ಬ್ಯಾಟರಿಯ ಚೀಲವನ್ನೇ ಕಟ್ಟಿಕೊಳ್ಳಬೇಕಾಗುತ್ತದೆ.

3. ನಿಜವಾಗಿ ಗಾಯ ಮಾಡುವ ಬೆಳಕು

ಸಿನಿಮಾದ ಖಡ್ಗ ಸುಳ್ಳು. ಆದರೆ ಗಾಯ ಮಾಡುವ ಬೆಳಕು ಸುಳ್ಳಲ್ಲ. ಗಣೇಶೋತ್ಸವದ ಮೆರವಣಿಗೆಗಳಲ್ಲಿ ಲೇಸರ್ ಬೆಳಕಿನಿಂದ ಕಣ್ಣಿಗೆ ಪೆಟ್ಟಾದ ಪ್ರಕರಣಗಳು ನಮ್ಮ ಕೊಲ್ಹಾಪುರ ಜಿಲ್ಲೆಯೂ ಸೇರಿ ಮಹಾರಾಷ್ಟ್ರದಲ್ಲಿ ವರದಿಯಾಗಿವೆ.

ಇದು ಹೇಗಾಗುತ್ತದೆ? ಬಲ್ಬಿನ ಬೆಳಕು ಎಲ್ಲ ಕಡೆಗೂ ಹರಡುತ್ತದೆ. ಲೇಸರ್ ಕಿರಣ ಹರಡದೆ ನೆಟ್ಟಗೆ ಬರುತ್ತದೆ. ಕಣ್ಣಿನ ಮಸೂರ ಅದನ್ನು ಹಿಂಭಾಗದ ಅಕ್ಷಿಪಟಲದ ಮೇಲೆ ಒಂದು ಸೂಕ್ಷ್ಮ ಚುಕ್ಕೆಯಾಗಿ ಕೂಡಿಸುತ್ತದೆ. ಭೂತಗನ್ನಡಿಯಿಂದ ಬಿಸಿಲು ಕೂಡಿಸಿ ಕಾಗದ ಸುಟ್ಟಿದ್ದೀರಲ್ಲ, ಹಾಗೆಯೇ. ಆ ಚುಕ್ಕೆಯಲ್ಲಿ ಬೆಳಕಿನ ತೀವ್ರತೆ ಲಕ್ಷ ಪಟ್ಟು ಏರಬಹುದು. ನಾವು ಕಣ್ಣು ಮಿಟುಕಿಸಲು ಸುಮಾರು ಕಾಲು ಸೆಕೆಂಡು ಬೇಕು. ಬಲವಾದ ಲೇಸರಿಗೆ ಅಷ್ಟು ಹೊತ್ತೂ ಬೇಡ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಅದಕ್ಕೇ ಸುಟ್ಟದ್ದು ಆ ಗಳಿಗೆಯಲ್ಲಿ ಗೊತ್ತಾಗದೆ ಹೋಗಬಹುದು.

ವೆಲ್ಡಿಂಗ್ ಆರ್ಕಿನ ಅಪಾಯ ಬೇರೆ ಬಗೆಯದು. ಅದರ ನೇರಳಾತೀತ ಕಿರಣ ಕಣ್ಣಿನ ಮುಂಭಾಗದ ಪೊರೆಯನ್ನು ಸುಡುತ್ತದೆ. ಕೆಲವು ತಾಸು ಬಿಟ್ಟು, ಹೆಚ್ಚಾಗಿ ರಾತ್ರಿ, ಕಣ್ಣಲ್ಲಿ ಉಸುಕು ಬಿದ್ದಂತೆ ಉರಿ, ನೀರು. ವೆಲ್ಡರ್ ಕಾಕಾ ಕಪ್ಪು ಗಾಜಿನ ಮುಖವಾಡ ಹಿಡಿಯುವುದು ಸುಮ್ಮನೆ ಅಲ್ಲ.

ನೆನಪಿರಲಿ:
• ಲೇಸರ್ ಪಾಯಿಂಟರನ್ನು ಯಾರ ಮುಖಕ್ಕೂ, ವಾಹನಕ್ಕೂ, ಕನ್ನಡಿಗೂ ಹಿಡಿಯಬೇಡಿ.
• ಮೆರವಣಿಗೆಯಲ್ಲಿ ಲೇಸರ್ ನಿಮ್ಮ ಕಡೆ ತಿರುಗಿದರೆ ಬೆನ್ನು ತಿರುಗಿಸಿ. ತಮ್ಮ, ತಂಗಿಯರನ್ನೂ ತಿರುಗಿಸಿ.
• ವೆಲ್ಡಿಂಗ್ ನಡೆಯುವಲ್ಲಿ ನಿಂತು ನೋಡಬೇಡಿ.
• ನೋಟದಲ್ಲಿ ಕಪ್ಪು ಚುಕ್ಕೆ ಅಥವಾ ಮಸುಕು ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿ ಹೋಗಿ. ಬೈತಾರೆ ಅಂತ ಮನೆಯಲ್ಲಿ ಮುಚ್ಚಿಡಬೇಡಿ.

ಮಾಡಿ ನೋಡಿ

ಕತ್ತಲೆ ಕೋಣೆಯಲ್ಲಿ ಎರಡು ಸಾದಾ ಟಾರ್ಚ್ ತೆಗೆದುಕೊಳ್ಳಿ (ಲೇಸರ್ ಬೇಡ). ದೊಡ್ಡವರ ಎದುರಿನಲ್ಲಿ ಒಂದು ಊದುಬತ್ತಿ ಹಚ್ಚಿ. ಎರಡೂ ಬೆಳಕುಗಳು ಹೊಗೆಯಲ್ಲಿ ಅಡ್ಡಡ್ಡ ಹಾಯುವಂತೆ ಹಿಡಿಯಿರಿ. ಗೋಡೆಯ ಮೇಲಿನ ಎರಡು ಬೆಳಕಿನ ವೃತ್ತಗಳು ಅಲುಗಿದವೇ? ಹೊಗೆ ಹೋದ ಮೇಲೆ ಕೋಲು ಎಲ್ಲಿ ಹೋಯಿತು?

ಪ್ರಶ್ನೆಗಳು

1. ಚಂದ್ರ ಸುಮಾರು 3,84,000 ಕಿ.ಮೀ. ದೂರದಲ್ಲಿದ್ದಾನೆ. ಟಾರ್ಚಿನ ಬೆಳಕು ಅಲ್ಲಿಗೆ ತಲುಪಲು ಎಷ್ಟು ಸೆಕೆಂಡು ಬೇಕು?
2. ಪ್ಲಾಸ್ಮಾ ಕಟಿಂಗ್ ಯಂತ್ರದ ಜ್ವಾಲೆ ಉದ್ದವಾಗಿ ಉಳಿಯುವುದಿಲ್ಲ. ಏಕೆ?
3. ಬಲ್ಬಿಗಿಂತ ಕಡಿಮೆ ಶಕ್ತಿಯ ಲೇಸರ್ ಕಣ್ಣಿಗೆ ಹೆಚ್ಚು ಅಪಾಯಕಾರಿ. ಕಾರಣ ಕೊಡಿ.